ಗೆಟಿಸ್‌ಬರ್ಗ್: ಆ ಹೊಲ ಯಾರದ್ದು?

ಅಮೆರಿಕಾದ ಪೂರ್ವ ಕರಾವಳಿಗೆ ಆನ್‌ಸೈಟ್ ಹೋದ ನಮ್ಮವರ ವೀಕೆಂಡ್ ಪಟ್ಟಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ನಯಾಗರ, ನ್ಯೂಯಾರ್ಕ್, ವಾಷಿಂಗ್ಟನ್ ಡಿ.ಸಿ., ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ. ಇಷ್ಟೂ ಮುಗಿದ ಮೇಲೆ ಗೆಟಿಸ್‌ಬರ್ಗ್ ಸರದಿ. ಹೋಗಿ ಬಂದವರನ್ನು ಕೇಳಿದರೆ, "ಹಿಸ್ಟರಿ ಹುಚ್ಚಿದ್ರೆ ಹೋಗಿ. ಇಲ್ಲಾಂದ್ರೆ ಅಲ್ಲೇನಿದೆ, ಬರೀ ಹೊಲ" ಅಂತಾರೆ.

ಮಾತು ಸುಳ್ಳಲ್ಲ. ಪೆನ್ಸಿಲ್ವೇನಿಯಾ ರಾಜ್ಯದ ಈ ಯುದ್ಧಭೂಮಿ ಪಾರ್ಕು ಸುಮಾರು 6,000 ಎಕರೆ ಇದೆ. ಕಾರಲ್ಲೇ ಸುತ್ತಬಹುದು. ಮ್ಯಾಪಿನಲ್ಲಿ ಗುರುತು ಹಾಕಿದ 16 ನಿಲ್ದಾಣಗಳಿವೆ. ಮ್ಯೂಸಿಯಮ್ಮಿಗೆ ಟಿಕೆಟ್ ಉಂಟು, ಹೊಲ ನೋಡಲು ದುಡ್ಡಿಲ್ಲ. ಕಣ್ಣಿಗೆ ಬೀಳೋದು ಗೋದಿ ಹೊಲ, ಹುಲ್ಲುಗಾವಲು, ಪೀಚ್ ತೋಟ, ಅಡ್ಡಡ್ಡ ಮರದ ಬೇಲಿ, ಮೊಣಕಾಲೆತ್ತರದ ಕಲ್ಲುಗೋಡೆ. ನಡುನಡುವೆ ಸಾಲು ಫಿರಂಗಿಗಳು, ಮತ್ತೆ 1,300ಕ್ಕೂ ಹೆಚ್ಚು ಸ್ಮಾರಕಗಳು. ಇವತ್ತಿಗೂ ಇಲ್ಲಿನ ಹೊಲಗಳನ್ನು ಸುತ್ತಲ ರೈತರಿಗೆ ಗುತ್ತಿಗೆಗೆ ಕೊಡ್ತಾರೆ. ಅವರು ಉಳ್ತಾರೆ, ಹುಲ್ಲು ಕೊಯ್ತಾರೆ.

ನಾನು ಬೆಳೆದದ್ದು ಹಳ್ಳಿಯಲ್ಲಿ. ಬರೀ ಹೊಲ ಅನ್ನೋ ಮಾತು ನನ್ನ ತಲೆಗೆ ಹೋಗೋದೇ ಇಲ್ಲ. ಹೊಲ ಅಂದಮೇಲೆ ಅದಕ್ಕೊಂದು ಹೆಸರಿರುತ್ತೆ, ಒಡೆಯ ಇರ್ತಾನೆ, ಬದುವಿನ ಜಗಳ ಇರುತ್ತೆ. ಗೆಟಿಸ್‌ಬರ್ಗ್‌ನಲ್ಲೂ ಇತ್ತು. ಅದರ ಕಥೆ ಗೊತ್ತಾಗಬೇಕಾದರೆ ಮೊದಲು ಆ ಮೂರು ದಿನದ ಕಥೆ ಚುಟುಕಾಗಿ ಗೊತ್ತಿರಬೇಕು.

1861ರಿಂದ 1865ರವರೆಗೆ ಅಮೆರಿಕಾದಲ್ಲಿ ಅಂತರ್ಯುದ್ಧ ನಡೀತು. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾಗಲು ಹೊರಟವು. ಬಿಡೋದಿಲ್ಲ ಅಂತ ಉತ್ತರ ನಿಂತಿತು. 1863ರ ಜೂನ್‌ನಲ್ಲಿ ದಕ್ಷಿಣದ ಜನರಲ್ ರಾಬರ್ಟ್ ಲೀ ತನ್ನ ಸೇನೆಯನ್ನು ಉತ್ತರದ ನೆಲದೊಳಕ್ಕೇ ತಂದ. ಜುಲೈ 1ಕ್ಕೆ ಗೆಟಿಸ್‌ಬರ್ಗ್ ಅನ್ನೋ ಸಣ್ಣ ಊರಿನ ಹೊರಗೆ ಎರಡೂ ಸೇನೆ ಮುಖಾಮುಖಿಯಾದವು. ಊರಿನ ಜನಸಂಖ್ಯೆ ಸುಮಾರು 2,400. ಬಂದು ಬಡಿದಾಡಿದವರು ಒಂದೂವರೆ ಲಕ್ಷಕ್ಕೂ ಹೆಚ್ಚು.

ಮೊದಲ ದಿನ ಉತ್ತರದವರು ಊರೊಳಗಿಂದ ಹಿಮ್ಮೆಟ್ಟಿ, ಊರಾಚೆಯ ದಿಣ್ಣೆಗಳನ್ನು ಹಿಡಿದರು. ಎರಡನೇ ದಿನ ಗೋದಿ ಹೊಲ, ಪೀಚ್ ತೋಟ, ಡೆವಿಲ್ಸ್ ಡೆನ್ ಎಂಬ ದೊಡ್ಡ ದೊಡ್ಡ ಬಂಡೆಗಳ ಜಾಗ, ಲಿಟಲ್ ರೌಂಡ್ ಟಾಪ್ ಗುಡ್ಡ, ಇವುಗಳಿಗಾಗಿ ಹೊಡೆದಾಟ. ಮೂರನೇ ದಿನ ಮಧ್ಯಾಹ್ನ ಲೀ ಸುಮಾರು 12,500 ಜನರನ್ನು ಒಂದು ಕಿಲೋಮೀಟರಿಗೂ ಹೆಚ್ಚು ಉದ್ದದ ಬಯಲಿನಲ್ಲಿ ನೇರವಾಗಿ ಎದುರಿನ ದಿಣ್ಣೆಯ ಮೇಲೆ ನುಗ್ಗಿಸಿದ. ಪಿಕೆಟ್ಸ್ ಚಾರ್ಜ್ ಅಂತ ಹೆಸರಾದದ್ದು ಇದೇ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಜನ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಯಾದರು. ಲೀ ವಾಪಸ್ ಹೋದ. ಮೂರು ದಿನದಲ್ಲಿ ಎರಡೂ ಕಡೆ ಸತ್ತವರು, ಗಾಯಾಳುಗಳು, ಸೆರೆಯಾದವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 51,000.

ಸ್ಮಾರಕಗಳು ಹೇಳೋದು ಇದನ್ನೇ, ಅದೂ ಎಷ್ಟು ವಿವರವಾಗಿ ಅಂದರೆ ನಮ್ಮ ಆಫೀಸಿನ ಲಾಗ್ ಫೈಲ್ ಕೂಡ ಅಷ್ಟು ಚೆನ್ನಾಗಿರಲ್ಲ. ಯಾವ ರೆಜಿಮೆಂಟ್ ಎಷ್ಟು ಗಂಟೆಗೆ ಎಲ್ಲಿತ್ತು, ಎಷ್ಟು ಜನ ಬಂದರು, ಎಷ್ಟು ಜನ ಉಳಿದರು, ಎಲ್ಲ ಕಲ್ಲಲ್ಲಿದೆ. ಹೆಚ್ಚಿನವನ್ನು ನಿಲ್ಲಿಸಿದ್ದು ಯುದ್ಧದಲ್ಲಿ ಬದುಕುಳಿದವರೇ, 1880ರ ದಶಕದಿಂದ ಈಚೆಗೆ. ಜಾಗಕ್ಕಾಗಿ ಕೋರ್ಟಿಗೂ ಹೋದರು. 72ನೇ ಪೆನ್ಸಿಲ್ವೇನಿಯಾ ರೆಜಿಮೆಂಟಿನ ಮಾಜಿ ಸೈನಿಕರು ತಮ್ಮ ಸ್ಮಾರಕ ಮುಂದಿನ ಸಾಲಿನಲ್ಲೇ ಇರಬೇಕು ಅಂದರು. ಪಾರ್ಕಿನ ಆಗಿನ ಉಸ್ತುವಾರಿ ಸಂಘ ಒಪ್ಪಲಿಲ್ಲ. ಕೇಸು ಪೆನ್ಸಿಲ್ವೇನಿಯಾ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1891ರಲ್ಲಿ ಇವರೇ ಗೆದ್ದರು. ಬಂದೂಕನ್ನು ದೊಣ್ಣೆಯ ಹಾಗೆ ಎತ್ತಿ ಹಿಡಿದ ಆ ಸೈನಿಕನ ಪ್ರತಿಮೆ ಇವತ್ತೂ ಮುಂದಿನ ಸಾಲಲ್ಲೇ ಇದೆ. ಬದುವಿನ ಜಗಳ ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ರಾ?

ನನಗೆ ಇಷ್ಟವಾದದ್ದು 11ನೇ ಪೆನ್ಸಿಲ್ವೇನಿಯಾ ರೆಜಿಮೆಂಟಿನ ಸ್ಮಾರಕ. ಮೇಲೆ ಸೈನಿಕ, ಬುಡದಲ್ಲಿ ಒಂದು ಕಂಚಿನ ನಾಯಿ ಮಲಗಿದೆ. ಹೆಸರು ಸ್ಯಾಲಿ. ಮೊದಲ ದಿನ ರೆಜಿಮೆಂಟ್ ಹಿಂದಕ್ಕೆ ಓಡಿದಾಗ ಈ ನಾಯಿ ಓಡಲಿಲ್ಲ. ಯುದ್ಧ ಮುಗಿದ ಮೇಲೆ ಬಂದು ನೋಡಿದರೆ ತನ್ನವರ ಹೆಣ ಮತ್ತು ಗಾಯಾಳುಗಳ ಮಧ್ಯೆ ಅಲ್ಲೇ ಕೂತಿತ್ತಂತೆ. 1865ರಲ್ಲಿ ಇನ್ನೊಂದು ಯುದ್ಧದಲ್ಲಿ ಗುಂಡು ತಗುಲಿ ಸತ್ತಿತು. ಜನ ಈಗಲೂ ಅದರ ಮುಂದೆ ಬಿಸ್ಕೆಟ್ ಇಟ್ಟು ಹೋಗ್ತಾರೆ.

ನಾಯಿಗೂ ಕಲ್ಲಾ ಅಂತ ಆಶ್ಚರ್ಯಪಡುವ ಅಗತ್ಯ ಕನ್ನಡಿಗರಿಗಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲೇ ನೆಟ್ಟ ಕಲ್ಲೊಂದಿದೆ, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಗಂಗರ ಬೂತುಗನ ಕಡೆಯ ವೀರ ಮಣಲೇರ ತಕ್ಕೋಲದ ಯುದ್ಧದಲ್ಲಿ ಮೆರೆದು, ಏನು ಬೇಕು ಕೇಳು ಅಂದಾಗ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಅದಕ್ಕಾಗಿ ಆ ಕಲ್ಲು. ನನಗೆ ಮುಖ್ಯ ಅನ್ನಿಸಿದ್ದು ಇದು: ಕಲ್ಲಿನ ಪೂಜೆಗಾಗಿ ಜಮೀನು ಬಿಟ್ಟದ್ದನ್ನೂ ಅದೇ ಕಲ್ಲಿನಲ್ಲಿ ಬರೆದಿದ್ದಾರೆ. ಸತ್ತವರ ಲೆಕ್ಕದ ಜೊತೆ ನೆಲದ ಲೆಕ್ಕ.

ಗೆಟಿಸ್‌ಬರ್ಗ್‌ನ ಕಲ್ಲುಗಳಲ್ಲಿ ನೆಲದ ಲೆಕ್ಕ ಇಲ್ಲ. ಅದನ್ನು ಎತ್ತಿ ತೋರಿಸಿದ್ದು ನಮ್ಮಪ್ಪ. ಗೋದಿ ಹೊಲದ ಹತ್ತಿರ ಕಾರು ನಿಲ್ಲಿಸಿ ವಿಡಿಯೋ ಕಾಲ್ ಮಾಡಿದ್ದೆ. ಸುಮಾರು 20 ಎಕರೆಯ ಈ ಹೊಲ ಒಂದೇ ಮಧ್ಯಾಹ್ನ ಮತ್ತೆ ಮತ್ತೆ ಕೈ ಬದಲಾಯಿಸಿತು, ನಾಲ್ಕು ಸಾವಿರಕ್ಕೂ ಹೆಚ್ಚು ಜನ ಇಲ್ಲಿ ಸತ್ತರು ಅಥವಾ ಗಾಯಗೊಂಡರು ಅಂತೆಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡರು.

"ಯಾರ್ದ್ಲಾ ಆ ಹೊಲ?"

"ರೋಸ್ ಅಂತ ಒಬ್ರದ್ದು ಕಣಪ್ಪ."

"ಗೋದಿ ಕುಯ್ಲಾಗಿತ್ತಾ, ನಿಂತಿತ್ತಾ?"

"ನಿಂತಿತ್ತು."

"ಮತ್ತೆ ಅವನಿಗೆ ಯಾರು ಕೊಟ್ರು?"

ಅಪ್ಪ ಇದನ್ನು ಸುಮ್ಮನೆ ಕೇಳಿದ್ದಲ್ಲ. ನಮ್ಮೂರ ಪಕ್ಕದ ರಸ್ತೆ ಅಗಲ ಮಾಡುವಾಗ ನಮ್ಮದು ಹನ್ನೆರಡು ಗುಂಟೆ ಹೋಗಿತ್ತು. ಪರಿಹಾರಕ್ಕೆ ಮೂರು ವರ್ಷ ಓಡಾಡಿದರು. ತೆಂಗಿನಮರ ಪಟ್ಟಿಯಲ್ಲಿತ್ತು, ಹಲಸಿನಮರ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಮರ ಇರಲೇ ಇಲ್ಲ ಅಂತ ಲೆಕ್ಕ. ಹಾಗಾಗಿ ಆ ಪ್ರಶ್ನೆ ನನ್ನ ಜೊತೆಗೇ ಉಳೀತು. ಸಂಜೆ ರೂಮಿಗೆ ಬಂದು ಓದೋಕೆ ಶುರು ಮಾಡಿದೆ, ಆಮೇಲೆ ಇನ್ನೊಂದು ವೀಕೆಂಡ್ ಅದಕ್ಕೆಂದೇ ಮತ್ತೆ ಹೋದೆ.

ಮೊದಲು ಲಿಡಿಯಾ ಲೀಸ್ಟರ್ ಮನೆ. ವಿಧವೆ, ಮಕ್ಕಳೊಂದಿಗಳು, 9 ಎಕರೆಯ ಜಮೀನು. ರಸ್ತೆ ಪಕ್ಕದಲ್ಲಿರುವ ಎರಡು ಕೋಣೆಯ ಈ ಪುಟ್ಟ ಮನೆಯನ್ನೇ ಉತ್ತರದ ಸೇನಾಪತಿ ಮೀಡ್ ತನ್ನ ಕಚೇರಿ ಮಾಡಿಕೊಂಡ. ಜುಲೈ 2ರ ರಾತ್ರಿ ಇಲ್ಲಿಯೇ ಜನರಲ್‌ಗಳೆಲ್ಲ ಇಕ್ಕಟ್ಟಿನಲ್ಲಿ ಕೂತು, ನಾಳೆಯೂ ಇಲ್ಲೇ ನಿಲ್ಲೋಣ ಅಂತ ತೀರ್ಮಾನಿಸಿದ್ದು. ಮಾರನೇ ದಿನ ದಕ್ಷಿಣದ ಫಿರಂಗಿಗಳ ಗುಂಡು ಗುರಿ ದಾಟಿ ಈ ಅಂಗಳಕ್ಕೆ ಬಿದ್ದವು. ಲಿಡಿಯಾ ಮನೆಗೆ ಮರಳಿದಾಗ ಅಂಗಳ, ಹೊಲ ಎಲ್ಲ ಸೇರಿ 17 ಸತ್ತ ಕುದುರೆಗಳು. ಗೋದಿ ತುಳಿದುಹೋಗಿತ್ತು, ಹುಲ್ಲು ಖಾಲಿ, ಬೇಲಿ ಸೌದೆಯಾಗಿತ್ತು. ಐದು ಕುದುರೆಗಳನ್ನು ಅವಳ ಒಳ್ಳೆಯ ಪೀಚ್ ಮರದ ಸುತ್ತ ಹಾಕಿ ಸುಟ್ಟಿದ್ದರಿಂದ ಮರವೂ ಸತ್ತಿತು. ನೀರಿನ ಒರತೆ ಹಾಳಾಗಿ ಬಾವಿ ತೋಡಿಸಬೇಕಾಯಿತು. ಎರಡು ವರ್ಷದ ನಂತರ ಟ್ರೋಬ್ರಿಜ್ ಎಂಬ ಲೇಖಕ ಬಂದು ಮಾತಾಡಿಸಿದಾಗ ಅವಳು ಹೇಳಿದ ಲೆಕ್ಕ ಇದು: ಕುದುರೆ ಮೂಳೆ 750 ಪೌಂಡ್, ನೂರು ಪೌಂಡಿಗೆ 50 ಸೆಂಟ್. ಅಂದರೆ ಮೂರು ಡಾಲರ್ ಎಪ್ಪತ್ತೈದು ಸೆಂಟ್. ಆವರೆಗೆ ಅವಳ ಕೈಗೆ ಬಂದ ಪರಿಹಾರ ಅಷ್ಟೇ.

ಸರ್ಕಾರ ಕೊಡಲಿಲ್ಲವಾ? ನಿಯಮ ಹೀಗಿತ್ತು: ಉತ್ತರದ ಸೇನೆ ತನ್ನ ಉಪಯೋಗಕ್ಕೆ ಅಂತ ತೆಗೆದುಕೊಂಡ ಹುಲ್ಲು, ಧಾನ್ಯ, ಕುದುರೆಗೆ ಕ್ಲೇಮ್ ಹಾಕಬಹುದು. ಯುದ್ಧದ ಹೊಡೆತಕ್ಕೆ ಸಿಕ್ಕಿ ಹಾಳಾದದ್ದಕ್ಕೆ ಇಲ್ಲ. ಶತ್ರುಸೇನೆ ಒಯ್ದದ್ದಕ್ಕಂತೂ ಇಲ್ಲವೇ ಇಲ್ಲ. ನಮ್ಮಪ್ಪನ ಹಲಸಿನಮರದ ಹಾಗೆ. ಪಟ್ಟಿಯಲ್ಲಿ ಕಾಲಂ ಇಲ್ಲ.

ಲೀಸ್ಟರ್ ಮನೆಯಿಂದ ದಿಣ್ಣೆ ಹತ್ತಿದರೆ ಒಂದು ಸಣ್ಣ ಬಿಳಿ ಮನೆ, ಪಕ್ಕದಲ್ಲಿ ಒಂದು ಕೊಟ್ಟಿಗೆ ಸಿಗುತ್ತೆ. ಪಿಕೆಟ್ಸ್ ಚಾರ್ಜ್ ನೋಡೋಕೆ ಬರುವ ಬಸ್ಸುಗಳ ಜನ ಇದರ ಹತ್ತಿರ ನಿಂತು ಬಯಲಿನ ಕಡೆ ಫೋಟೋ ತೆಗೀತಾರೆ. ಬೆನ್ನ ಹಿಂದೆ ಇರುವ ಮನೆ ಏಬ್ರಹಾಂ ಬ್ರಯಾನ್ ಎಂಬ ರೈತನದ್ದು. ಕಪ್ಪು ಮನುಷ್ಯ, ಯಾರ ಗುಲಾಮನೂ ಅಲ್ಲ, ಸ್ವಂತ ಹೆಸರಲ್ಲಿ 12 ಎಕರೆ ಜಮೀನು ಇದ್ದವನು. 1857ರಲ್ಲಿ ಕೊಂಡಿದ್ದ. ಗೋದಿ, ಬಾರ್ಲಿ, ಹುಲ್ಲು, ಒಂದಿಷ್ಟು ಹಣ್ಣಿನ ಮರ.

ಈ ಜಾಗ ಗುಲಾಮಗಿರಿ ಇದ್ದ ಮೇರಿಲ್ಯಾಂಡ್ ರಾಜ್ಯದ ಗಡಿಯಿಂದ ಬರೀ 15 ಕಿಲೋಮೀಟರ್ ಆಸುಪಾಸು. ಗಡಿಯಾಚೆಯಿಂದ ಬಂದು ಸ್ವತಂತ್ರರಾದ ಕಪ್ಪು ಜನರನ್ನೂ ಹಿಡಿದೊಯ್ದು ಮಾರುವ ಭಯ ಯುದ್ಧಕ್ಕೆ ಮುಂಚೆಯೇ ಇತ್ತು. 1863ರ ಜೂನ್‌ನಲ್ಲಿ ಲೀಯ ಸೇನೆ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದಾಗ ಸೈನಿಕರು ಇದನ್ನೇ ಮಾಡಿದರು. ಹುಟ್ಟಿನಿಂದಲೇ ಸ್ವತಂತ್ರರಾಗಿದ್ದ ಹೆಂಗಸರು, ಮಕ್ಕಳನ್ನೂ ಬಿಡದೆ ಹಿಡಿದು ದಕ್ಷಿಣಕ್ಕೆ ಸಾಗಿಸಿದರು. ಸುದ್ದಿ ಕೇಳಿ ಗೆಟಿಸ್‌ಬರ್ಗ್‌ನ ಕಪ್ಪು ಕುಟುಂಬಗಳು ಮನೆ, ದನ, ನಿಂತ ಬೆಳೆ ಬಿಟ್ಟು ಓಡಿಹೋದವು. ಬ್ರಯಾನ್ ಕುಟುಂಬವೂ ಹೋಯಿತು.

ಹಾಗಾಗಿ ಜುಲೈ 3ರ ಮಧ್ಯಾಹ್ನ ಆ ದೊಡ್ಡ ದಾಳಿ ದಿಣ್ಣೆಗೆ ಬಂದು ಅಪ್ಪಳಿಸಿದಾಗ, ಅದರ ಒಂದು ಭಾಗ ಒಡೆದದ್ದು ಒಬ್ಬ ಸ್ವತಂತ್ರ ಕಪ್ಪು ರೈತನ ಖಾಲಿ ಮನೆಯ ಮುಂದೆ. ಇಡೀ ಯುದ್ಧ ಯಾತಕ್ಕೆ ನಡೀತು ಅಂತ ಯಾರಾದರೂ ಕೇಳಿದರೆ ಈ 12 ಎಕರೆ ತೋರಿಸಿದರೆ ಸಾಕು. ಬ್ರಯಾನ್ ವಾಪಸ್ ಬಂದು ನೋಡಿದರೆ ಗೋಡೆ ತುಂಬ ಗುಂಡಿನ ತೂತು, ಹೊಲದಲ್ಲಿ ಗೋರಿಗಳು. 1,028 ಡಾಲರ್ ನಷ್ಟ ಅಂತ ಅರ್ಜಿ ಹಾಕಿದ. ಸಿಕ್ಕಿದ್ದು 15 ಡಾಲರ್. ಕೆಲವು ವರ್ಷ ಮತ್ತೆ ಬೆಳೆ ತೆಗೆದು, 1869ರಲ್ಲಿ ಜಮೀನು ಮಾರಿ ಊರೊಳಗೆ ಹೋಟೆಲ್ ಕೆಲಸಕ್ಕೆ ಸೇರಿದ.

ಇನ್ನು ಹೆಣಗಳ ಲೆಕ್ಕ. ಜುಲೈ ಬಿಸಿಲು, ಸಾವಿರಾರು ಶವ, ಪುಟ್ಟ ಊರು. ಊರಿನ ಸ್ಮಶಾನದ ಕಾವಲುಗಾರ ಸೇನೆಗೆ ಹೋಗಿದ್ದ. ಅವನ ಹೆಂಡತಿ ಎಲಿಜಬೆತ್ ಥಾರ್ನ್ ಆರು ತಿಂಗಳ ಗರ್ಭಿಣಿ. ಮುದಿ ತಂದೆಯ ಜೊತೆ ಸೇರಿ ಅವಳೇ ನೂರಕ್ಕೂ ಹೆಚ್ಚು ಸೈನಿಕರಿಗೆ ಗುಂಡಿ ತೋಡಿದಳು. ಅವಳಿಗೊಂದು ಪ್ರತಿಮೆ ಆದದ್ದು 2002ರಲ್ಲಿ. ಹೊಟ್ಟೆ ಮೇಲೊಂದು ಕೈ, ಇನ್ನೊಂದು ಕೈಯಲ್ಲಿ ಸಲಿಕೆಗೆ ಒರಗಿ ನಿಂತಿದ್ದಾಳೆ.

ಹೊಲಗಳಲ್ಲಿ ಅರೆಬರೆ ಹೂತಿದ್ದ ಉತ್ತರದ ಸೈನಿಕರನ್ನು ತೆಗೆದು ಹೊಸ ರಾಷ್ಟ್ರೀಯ ಸ್ಮಶಾನದಲ್ಲಿ ಹೂಳಲು ಟೆಂಡರ್ ಕರೆದರು. ಹೌದು ಸ್ವಾಮಿ, ಟೆಂಡರ್. 34 ಬಿಡ್ ಬಂದವು. ಅತಿ ಹೆಚ್ಚು ಒಂದು ಶವಕ್ಕೆ 8 ಡಾಲರ್, ಅತಿ ಕಮ್ಮಿ 1 ಡಾಲರ್ 59 ಸೆಂಟ್. ಕಮ್ಮಿ ಬಿಡ್ ಹಾಕಿದವನಿಗೇ ಕೆಲಸ ಸಿಕ್ಕಿತು. ಅಗೆದು, ಗುರುತು ಹುಡುಕಿ, ಪೆಟ್ಟಿಗೆಗೆ ಹಾಕುವ ನಿಜವಾದ ಕೆಲಸ ಮಾಡಿದ್ದು ಬೇಸಿಲ್ ಬಿಗ್ಸ್ ಎಂಬ ಕಪ್ಪು ರೈತ ಮತ್ತವನ ಆಳುಗಳು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಮೂರು ಸಾವಿರಕ್ಕೂ ಹೆಚ್ಚು ಶವ. ಅವರ ಕೆಲಸ ಇನ್ನೂ ನಡೀತಿರುವಾಗಲೇ, ನವೆಂಬರ್ 19ಕ್ಕೆ, ಲಿಂಕನ್ ಬಂದು ಆ ಸ್ಮಶಾನದಲ್ಲಿ ಎರಡು ನಿಮಿಷದ ಭಾಷಣ ಮಾಡಿದ್ದು. ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ, ಪ್ರಜೆಗಳ ಸರ್ಕಾರದ ಬಗೆಗಿನ ಭಾಷಣ.

ದಕ್ಷಿಣದ ಸೈನಿಕರಿಗೆ ಆ ಸ್ಮಶಾನದಲ್ಲಿ ಜಾಗವಿರಲಿಲ್ಲ. ಅವರು ಸುಮಾರು ಎಂಟು ವರ್ಷ ಹೊಲಗಳಲ್ಲೇ ಇದ್ದರು. ರೈತರು ಅವರ ಸುತ್ತ ಉಳುತ್ತಿದ್ದರು. 1871ರಿಂದ 1873ರ ಮಧ್ಯೆ ಮೂರು ಸಾವಿರಕ್ಕೂ ಹೆಚ್ಚು ಅಸ್ಥಿಗಳನ್ನು ತೆಗೆದು ದಕ್ಷಿಣಕ್ಕೆ ಕಳಿಸಿದರು.

ಬಿಗ್ಸ್‌ನ ಕಥೆ ಅಲ್ಲಿಗೆ ಮುಗಿಯಲ್ಲ. ಅವನು ಯುದ್ಧದ ನಂತರ ಜಮೀನು ಕೊಂಡ. ಅದರಲ್ಲೊಂದು ಸಣ್ಣ ಮರದ ತೋಪಿತ್ತು. ರೈತ ಏನು ಮಾಡ್ತಾನೆ? ಬೇಲಿಗೆ ಬೇಕು ಅಂತ ಮರ ಕಡಿಯೋಕೆ ಶುರು ಮಾಡಿದ. ಯುದ್ಧದ ಇತಿಹಾಸ ಬರೀತಿದ್ದ ಜಾನ್ ಬ್ಯಾಚೆಲ್ಡರ್ ಓಡಿ ಬಂದು, ಕಡೀಬೇಡ ಮಾರಾಯ, ಬಿಟ್ಟರೆ ಮುಂದೆ ಒಳ್ಳೆ ಬೆಲೆ ಬರುತ್ತೆ ಅಂತ ಒಪ್ಪಿಸಿದನಂತೆ. ಪಿಕೆಟ್ಸ್ ಚಾರ್ಜ್ ಗುರಿ ಇಟ್ಟು ಬಂದದ್ದು ಆ ತೋಪಿನ ಕಡೆಗೇ. 1881ರಲ್ಲಿ ಸ್ಮಾರಕ ಸಂಘ ಆ ಜಾಗ ಕೊಂಡಿತು. ಈಗ ಸುತ್ತ ಕಬ್ಬಿಣದ ಬೇಲಿ, ಮುಂದೆ ದೊಡ್ಡ ಕಂಚಿನ ಪುಸ್ತಕ. ಇಡೀ ಪಾರ್ಕಿನಲ್ಲಿ ಅತಿ ಹೆಚ್ಚು ಫೋಟೋಕ್ಕೆ ಸಿಗುವ ಮರಗಳು ಅವೇ. ಅವುಗಳ ಒಡೆಯನ ಹೆಸರು ಆ ಪುಸ್ತಕದಲ್ಲಿಲ್ಲ.

ಪಾರ್ಕು ಆದದ್ದು ಸುಲಭದಲ್ಲಲ್ಲ ಅನ್ನೋದನ್ನೂ ಹೇಳಬೇಕು. 1893ರಲ್ಲಿ ಒಂದು ಕಂಪನಿ ಪ್ರವಾಸಿಗರಿಗಾಗಿ ಡೆವಿಲ್ಸ್ ಡೆನ್ ಕಡೆಗೆ ಬಂಡೆ ಸಿಡಿಸಿ ಟ್ರಾಮ್ ಹಳಿ ಹಾಕಿತು. ಸರ್ಕಾರ ಜಮೀನು ವಶಕ್ಕೆ ತಗೊಳ್ಳೋಕೆ ಹೋದಾಗ, ಯುದ್ಧಭೂಮಿ ಉಳಿಸೋದು ಸಾರ್ವಜನಿಕ ಉದ್ದೇಶ ಹೇಗಾಗುತ್ತೆ ಅಂತ ಕಂಪನಿ ವಾದಿಸಿತು. 1896ರಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟ್ ಒಮ್ಮತದಿಂದ, ಆಗುತ್ತೆ ಅಂದಿತು. ನೆನಪಿಗಾಗಿಯೂ ಭೂಸ್ವಾಧೀನ ಮಾಡಬಹುದು ಎಂಬ ತೀರ್ಪು ಹುಟ್ಟಿದ್ದು ಇಲ್ಲಿ. ಅಷ್ಟರಲ್ಲಿ, 1895ರಲ್ಲೇ, ಇದು ರಾಷ್ಟ್ರೀಯ ಪಾರ್ಕ್ ಆಗಿತ್ತು. ಭೂಸ್ವಾಧೀನ ಅಂದರೆ ಮುಖ ಸಿಂಡರಿಸುವ ನಾನೂ ಆ ತೀರ್ಪು ಸರಿ ಅಂತಲೇ ಹೇಳ್ತೀನಿ. ಅದಿಲ್ಲದಿದ್ದರೆ ಬ್ರಯಾನ್ ಮನೆ ಇದ್ದ ಜಾಗದಲ್ಲಿ ಈಗ ಒಂದು ಮೋಟೆಲ್ ಇರುತ್ತಿತ್ತೋ ಏನೋ.

ಆದರೆ ಉಳಿಸಿದ ನೆನಪು ಯಾರದ್ದು? 1913ರಲ್ಲಿ, 50 ವರ್ಷ ತುಂಬಿದಾಗ, ಎರಡೂ ಕಡೆಯ 50,000ಕ್ಕೂ ಹೆಚ್ಚು ಮುದುಕರು ಇಲ್ಲಿ ಸೇರಿ ಕಲ್ಲುಗೋಡೆಯ ಆಚೀಚೆ ಕೈಕುಲುಕಿದರು. ನೋಡೋಕೆ ಚೆಂದ, ಫೋಟೋಗಳೂ ಇವೆ. ನಾವಿಬ್ಬರೂ ಧೈರ್ಯವಂತರು ಅನ್ನೋದು ಆ ಕೈಕುಲುಕಿನ ಮಾತು. ಯಾತಕ್ಕೆ ಹೊಡೆದಾಡಿದೆವು ಅನ್ನೋದನ್ನು ಬದಿಗಿಟ್ಟರು. 1917ರಲ್ಲಿ ಕುದುರೆ ಮೇಲೆ ಕೂತ ಲೀಯ ದೊಡ್ಡ ಸ್ಮಾರಕವೂ ಬಂತು. ಪಾರ್ಕಿನ ಮ್ಯೂಸಿಯಂ ಗುಲಾಮಗಿರಿಯನ್ನು ಯುದ್ಧದ ಕಾರಣ ಅಂತ ಎದ್ದು ಕಾಣುವ ಹಾಗೆ ಹೇಳೋದು 2008ರಲ್ಲಿ ಕಟ್ಟಿದ ಹೊಸ ಕಟ್ಟಡದಲ್ಲಿ.

ಇದನ್ನೆಲ್ಲ ಹೇಳಿದ್ದು ಗೆಟಿಸ್‌ಬರ್ಗ್‌ಗೆ ಹೋಗಬೇಡಿ ಅನ್ನೋಕಲ್ಲ. ಖಂಡಿತ ಹೋಗಿ. ಲಿಟಲ್ ರೌಂಡ್ ಟಾಪ್ ಹತ್ತಿ, ಸ್ಯಾಲಿಗೆ ಬಿಸ್ಕೆಟ್ ಹಾಕಿ. ಆದರೆ ಒಂದು ಗಂಟೆ ಮಿಗಿಸಿಕೊಂಡು ಮೊದಲು ಲೀಸ್ಟರ್ ಮನೆ, ಅಲ್ಲಿಂದ ನಡೆದು ಬ್ರಯಾನ್ ಮನೆ ನೋಡಿ. ಬಯಲಿಗೆ ಬೆನ್ನು ಹಾಕಿ, ಮನೆಗೆ ಮುಖ ಮಾಡಿ ನಿಂತು ನೋಡಿ.

ಕೊನೆಗೆ ಊರೊಳಗೆ ಲಾಂಗ್ ಲೇನ್ ಎಂಬ ರಸ್ತೆಗೆ ಹೋಗಿ. ಅಲ್ಲಿ ಲಿಂಕನ್ ಸೆಮೆಟರಿ ಅಂತ ಒಂದು ಸಣ್ಣ ಸ್ಮಶಾನವಿದೆ. ಊರಿನ ಕಪ್ಪು ಜನರದ್ದು. ಇದೇ ಯುದ್ಧದಲ್ಲಿ ಉತ್ತರದ ಸೇನೆಯಲ್ಲಿ ದುಡಿದ ಕಪ್ಪು ಸೈನಿಕರಿಗೂ, ಒಂದೆರಡು ಅಪವಾದ ಬಿಟ್ಟರೆ, ಲಿಂಕನ್ ಭಾಷಣ ಮಾಡಿದ ಸ್ಮಶಾನದಲ್ಲಿ ಜಾಗ ಸಿಗಲಿಲ್ಲ. ಸುಮಾರು ಮೂವತ್ತು ಜನ ಇಲ್ಲಿದ್ದಾರೆ. ಆ ಸ್ಮಶಾನದ ಮೂರು ಸಾವಿರಕ್ಕೂ ಹೆಚ್ಚು ಶವಗಳನ್ನು ಕೈಯಾರೆ ಎತ್ತಿದ ಬೇಸಿಲ್ ಬಿಗ್ಸ್ ಕೂಡ ಮಲಗಿರೋದು ಇಲ್ಲೇ. 16 ನಿಲ್ದಾಣಗಳ ಮ್ಯಾಪಿನಲ್ಲಿ ಇದು ಬರಲ್ಲ, ಬಸ್ಸೂ ನಿಲ್ಲಲ್ಲ. ಪಾರ್ಕಿನಿಂದ ಕಾರಲ್ಲಿ ಐದು ನಿಮಿಷ.